ಮೂರು ಸಲ ಬದಲಾಯಿಸಿದ್ದಕ್ಕೆ ಅಂಕ ಕಳೆಯಬೇಕೇ? ಪ್ರೌಢಶಾಲೆಯಲ್ಲಿ ವಿನ್ಯಾಸ ಮತ್ತು ತಂತ್ರಜ್ಞಾನದ ಮೌಲ್ಯಮಾಪನ ಕುರಿತು

ಟಿಂಕರಿಂಗ್ ಮೇಷ್ಟ್ರು ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ನಮ್ಮ ಶಾಲೆಗೆ ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳು ತಾವೇ ವಸ್ತುಗಳನ್ನು ಕಟ್ಟಿ ನೋಡುವ ಪ್ರಯೋಗಾಲಯ) ಮಂಜೂರಾದ ದಿನದಿಂದ ಅದರ ಬೀಗದ ಕೈ ನನ್ನ ಜೇಬಿನಲ್ಲೇ ಇದೆ. ನೀತಿ ಆಯೋಗ 2016ರಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ ಎಂಬುದು ಇಲ್ಲಿ ಹಲವರಿಗೆ ಗೊತ್ತಿರುತ್ತದೆ. ಹಾಗಾಗಿ ಸಾಮಾನಿಗೆ ಕೊರತೆಯಿಲ್ಲ. ಆದರೆ ಲ್ಯಾಬಿನಲ್ಲಿ ಮಾಡಿದ ಕೆಲಸಕ್ಕೆ ಅಂಕವಿಲ್ಲ. ಅಂಕವಿಲ್ಲದ್ದಕ್ಕೆ ವೇಳಾಪಟ್ಟಿಯಲ್ಲಿ ಪೀರಿಯಡ್ ಸಿಗುವುದಿಲ್ಲ. ಅದಕ್ಕೇ ಈ ವರ್ಷ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಒಂಬತ್ತನೇ ತರಗತಿಯ ವಿಜ್ಞಾನದ ರೂಪಣಾತ್ಮಕ (ವರ್ಷದ ನಡುನಡುವೆ ನಡೆಯುವ) ಮೌಲ್ಯಮಾಪನದ ಒಂದು ಚಟುವಟಿಕೆಯನ್ನು ಲ್ಯಾಬಿನಲ್ಲೇ ಮಾಡಿಸಿದೆ.

ಬಿಸಿಯೂಟವಾದ ಮೇಲೆ ಮಕ್ಕಳು ತಟ್ಟೆ ತೊಳೆಯುವಾಗ ನಲ್ಲಿ ತೆರೆದೇ ಇರುತ್ತದೆ, ಅರ್ಧ ನೀರು ಸುಮ್ಮನೆ ಚರಂಡಿಗೆ ಹೋಗುತ್ತದೆ. ಇದಕ್ಕೊಂದು ಉಪಾಯ ಯೋಚಿಸಿ ಮಾಡಿ ತೋರಿಸಿ ಎಂದು ಗುಂಪುಗಳಿಗೆ ಹೇಳಿದೆ. ಕಲ್ಪನೆ, ಅಚ್ಚುಕಟ್ಟು, ಕೆಲಸ ಮಾಡುವಿಕೆ, ವರದಿ ಎಂದು ನಾಲ್ಕು ಭಾಗ ಮಾಡಿ ತಲಾ 5ರಂತೆ 20 ಅಂಕ ಇಟ್ಟುಕೊಂಡೆ.

ಒಂದು ಗುಂಪು ಥರ್ಮೋಕೋಲಿನ ಮೇಲೆ ಬಣ್ಣದ ಹಾಳೆ ಅಂಟಿಸಿದ ಮಾದರಿಯನ್ನು ತಂದಿತು. ಕೈ ಒಡ್ಡಿದರೆ ಸೆನ್ಸರ್ ಗುರುತಿಸಿ ಪುಟ್ಟ ಪಂಪ್ ಚಾಲೂ ಆಗುತ್ತದೆ. ಅದನ್ನು ನಡೆಸುವ ಆರ್ಡುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನ ಪ್ರೋಗ್ರಾಮನ್ನು ಯಾವುದೋ ವಿಡಿಯೊದಿಂದ ಇಳಿಸಿಕೊಂಡಿದ್ದರು, ವರದಿಯನ್ನು ಸ್ಪೈರಲ್ ಬೈಂಡಿಂಗ್ ಮಾಡಿಸಿದ್ದರು. ಅದಕ್ಕೆ 18 ಬಂತು. ಇನ್ನೊಂದು ಗುಂಪಿನ ಹುಡುಗಿಯರು ಕಾಲಿನಿಂದ ಒತ್ತಿದರೆ ತೆರೆದುಕೊಳ್ಳುವ ನಲ್ಲಿ ಮಾಡಿದ್ದರು. ಮೊದಲು ನೈಲಾನ್ ದಾರ ಕಟ್ಟಿದ್ದರು, ಅದು ಹಿಗ್ಗಿತು. ಆಮೇಲೆ ಹಳೆಯ ಸೈಕಲ್ಲಿನ ಬ್ರೇಕ್ ವೈರ್ ಹಾಕಿದರು, ವಾಲ್ವ್ ಬಿಗಿಯಾಗಿದ್ದರಿಂದ ಪುಟ್ಟ ಮಕ್ಕಳಿಗೆ ಒತ್ತಲಾಗಲಿಲ್ಲ. ಮೂರನೆಯ ಸಲ ವಾಲ್ವಿನ ಹಿಡಿಗೆ ಒಂದು ಗೇಣಿನಷ್ಟು ಉದ್ದದ ಕಬ್ಬಿಣದ ಪಟ್ಟಿ ಕಟ್ಟಿದರು, ಆಗ ಐದನೇ ತರಗತಿಯ ಮಗುವೂ ಒತ್ತಬಲ್ಲದಾಯಿತು. ಆದರೆ ಪೈಪಿನ ಜೋಡಣೆ ಸೋರುತ್ತಿತ್ತು, ಯೋಚನೆ ಗೀಚಿಕೊಂಡ ಪುಸ್ತಕದ ತುಂಬ ಕಾಟು ಹೊಡೆದಿತ್ತು, ವರದಿ ಎರಡು ಪುಟವೂ ಇರಲಿಲ್ಲ. ನನ್ನದೇ ಪಟ್ಟಿಯ ಪ್ರಕಾರ 12 ಬಂತು.

ಅಂಕ ಹೇಳಿದ ದಿನ ಆ ಗುಂಪಿನ ಹುಡುಗಿಯೊಬ್ಬಳು ಬಂದು, “ಸರ್, ನಾವು ಮೂರು ಸಲ ಬದಲಾಯಿಸಿದ್ದಕ್ಕೆ ಅಂಕ ಕಳೆದಿರಾ?” ಎಂದು ಕೇಳಿದಳು. ಹೌದು ಎನ್ನಲೂ ಆಗಲಿಲ್ಲ, ಇಲ್ಲ ಎನ್ನಲೂ ಆಗಲಿಲ್ಲ. ಅಚ್ಚುಕಟ್ಟು ಎಂಬ ಕಲಂನಲ್ಲಿ ನಾನು ಕಳೆದದ್ದು ಅದನ್ನೇ. ಇಂಥ ಕೆಲಸವನ್ನು ಅಳೆಯುವ ಬೇರೆ ದಾರಿಯನ್ನು ಬಲ್ಲವರು ದಯವಿಟ್ಟು ತಿಳಿಸಿ.

ಇಬ್ಬರು ಮಕ್ಕಳ ತಾಯಿ ಬರೆದದ್ದು:

ಮೇಷ್ಟ್ರೇ, ನಿಮ್ಮ ಪ್ರಾಮಾಣಿಕತೆಗೆ ನಮಸ್ಕಾರ. ಆದರೆ ಆ 18 ಅಂಕದ ಥರ್ಮೋಕೋಲ್ ಮಾದರಿಯನ್ನು ಮಾಡಿದವರು ಯಾರು ಎಂದು ನಿಮಗೂ ಗೊತ್ತು, ನಮಗೂ ಗೊತ್ತು. ನಮ್ಮ ಮನೆಯಲ್ಲಿ ಕಳೆದ ವರ್ಷ ಜ್ವಾಲಾಮುಖಿ, ಪವನಯಂತ್ರ, ಮಳೆನೀರು ಕೊಯ್ಲು ಮೂರನ್ನೂ ಮಾಡಿದವರು ನನ್ನ ಯಜಮಾನರು, ಅದೂ ರಾತ್ರಿ ಹನ್ನೊಂದರ ಮೇಲೆ. ನಮ್ಮ ಬಡಾವಣೆಯ ಸ್ಟೇಷನರಿ ಅಂಗಡಿಯಲ್ಲಿ ಸಿದ್ಧ ಮಾದರಿಗಳನ್ನು ತೂಗುಹಾಕಿರುತ್ತಾರೆ. ಎಷ್ಟನೇ ಕ್ಲಾಸು ಎಂದು ಕೇಳಿ ಇಳಿಸಿಕೊಡುತ್ತಾರೆ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಇದಕ್ಕೆ ಅಂಕವನ್ನೇ ಕೊಡಬೇಡಿ. ಅಂಕ ಬಂದ ಕೂಡಲೇ ತಂದೆತಾಯಿ ಒಳಗೆ ಬರುತ್ತೇವೆ, ನಮ್ಮ ಹಿಂದೆ ಅಂಗಡಿಯವನು ಬರುತ್ತಾನೆ, ಮಗು ಹೊರಗೆ ಹೋಗುತ್ತದೆ. ಅಂಕವಿಲ್ಲದಿದ್ದರೆ ಆ ಹುಡುಗಿ ನಿಮ್ಮನ್ನು ಆ ಪ್ರಶ್ನೆ ಕೇಳುವ ಸಂದರ್ಭವೇ ಬರುತ್ತಿರಲಿಲ್ಲ, ನಲ್ಲಿಯನ್ನು ನಾಲ್ಕನೆಯ ಸಲವೂ ಬದಲಾಯಿಸುತ್ತಿದ್ದಳು.

ಮಿಡ್‌ಲ್ಯಾಂಡ್ಸ್ ಕನ್ನಡತಿ ಬರೆದದ್ದು:

ನಾನು ಶಿವಮೊಗ್ಗದ ಕಡೆಯವಳು. ಹನ್ನೊಂದು ವರ್ಷಗಳಿಂದ ಇಂಗ್ಲೆಂಡಿನ ಸೆಕೆಂಡರಿ ಶಾಲೆಯಲ್ಲಿ ಡಿಸೈನ್ ಅಂಡ್ ಟೆಕ್ನಾಲಜಿ ಎಂಬ ವಿಷಯವನ್ನೇ ಕಲಿಸುತ್ತಿದ್ದೇನೆ. ಮೇಷ್ಟ್ರ ಪ್ರಶ್ನೆ ನನಗೆ ಹೊಸದಲ್ಲ. ಅದೇ ಪ್ರಶ್ನೆಯ ಮೇಲೆ ನಮ್ಮ ವಿಷಯ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕುಂಟುತ್ತ ನಡೆದಿದೆ. ಹಾಗಾಗಿ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ಬೇಸರಿಸಬೇಡಿ.

ಇಲ್ಲಿ ಮೊದಲು ಹುಡುಗರಿಗೆ ಮರಗೆಲಸ ಮತ್ತು ಲೋಹದ ಕೆಲಸ, ಹುಡುಗಿಯರಿಗೆ ಅಡುಗೆ ಮತ್ತು ಹೊಲಿಗೆ ಎಂದು ಬೇರೆಬೇರೆ ಇದ್ದವು. 1990ರಲ್ಲಿ ರಾಷ್ಟ್ರೀಯ ಪಠ್ಯಕ್ರಮ ಇವನ್ನೆಲ್ಲ ಒಂದೇ ಚಪ್ಪರದಡಿ ತಂದು ಎಲ್ಲ ಮಕ್ಕಳಿಗೂ ಕಡ್ಡಾಯ ಮಾಡಿತು. ಈಗ ಹದಿನಾರರ ವಯಸ್ಸಿನಲ್ಲಿ ಬರೆಯುವ ಜಿಸಿಎಸ್‌ಇ ಪರೀಕ್ಷೆಯಲ್ಲಿ ಈ ವಿಷಯದ ಹೊಸ ರೂಪ 2017ರ ಸೆಪ್ಟೆಂಬರಿನಲ್ಲಿ ಶುರುವಾಗಿ 2019ರಲ್ಲಿ ಮೊದಲ ಪರೀಕ್ಷೆ ಕಂಡಿತು. ಅರ್ಧ ಅಂಕ ಎರಡು ಗಂಟೆಯ ಲಿಖಿತ ಪರೀಕ್ಷೆಗೆ, ಇನ್ನರ್ಧ ಮಗು ತಾನೇ ವಿನ್ಯಾಸ ಮಾಡಿ ತಯಾರಿಸುವ ಯೋಜನೆಗೆ. ಪರೀಕ್ಷಾ ಮಂಡಳಿ ಜೂನ್ 1ರಂದು ಕೆಲವು ಸಂದರ್ಭಗಳನ್ನು ಪ್ರಕಟಿಸುತ್ತದೆ, ಒಂದೊಂದೂ ಒಂದು ಸಾಲಿನಷ್ಟೇ. ಮಗು ಅದರಲ್ಲೊಂದನ್ನು ಹಿಡಿದು, ಯಾರಿಗೆ ಏನು ಬೇಕು ಎಂದು ತಾನೇ ಹುಡುಕಿ, ಸಮಸ್ಯೆಯನ್ನೂ ತಾನೇ ಬರೆದುಕೊಳ್ಳಬೇಕು.

ನಾವು ಅನುಸರಿಸುವ ಮಂಡಳಿಯಲ್ಲಿ ಯೋಜನೆಯ 100 ಅಂಕಗಳು ಹೀಗೆ ಹಂಚಿಹೋಗುತ್ತವೆ. ತನಿಖೆಗೆ 10, ಸಮಸ್ಯೆಯ ನಿರೂಪಣೆ ಮತ್ತು ಷರತ್ತುಗಳಿಗೆ 10, ಕಲ್ಪನೆಗಳನ್ನು ಹುಟ್ಟಿಸುವುದಕ್ಕೆ 20, ಅವನ್ನು ಬೆಳೆಸುವುದಕ್ಕೆ 20, ತಯಾರಿಕೆಗೆ 20, ಪರೀಕ್ಷಿಸಿ ವಿಮರ್ಶಿಸುವುದಕ್ಕೆ 20. ಅಂದರೆ ಕೈಯಲ್ಲಿ ಹಿಡಿಯಬಹುದಾದ ವಸ್ತುವಿಗೆ ನೇರವಾಗಿ ಸೇರುವುದು ಐದರಲ್ಲೊಂದು ಪಾಲು ಮಾತ್ರ. ನಿಮ್ಮ ಕಾಲೊತ್ತು ನಲ್ಲಿಯ ಹುಡುಗಿಯರು ಇಲ್ಲಿದ್ದರೆ ಆ ಮೂರು ಬದಲಾವಣೆಗಳಿಗೇ ಹೆಚ್ಚಿನ ಅಂಕ ಬರುತ್ತಿತ್ತು.

ಹಾಗೆಂದು ಸಂತೋಷಪಡಬೇಡಿ. ಬದಲಾವಣೆಗೆ ಅಂಕವಿದೆ ಎಂದು ತಿಳಿದ ಮಕ್ಕಳು ಬದಲಾವಣೆಯನ್ನೂ ತಯಾರಿಸುತ್ತಾರೆ. ಒಮ್ಮೆ ಒಬ್ಬ ಹುಡುಗ ಮೇಜಿನ ದೀಪದ ಮೂರು ರಟ್ಟಿನ ಮಾದರಿಗಳ ಚಿತ್ರಗಳನ್ನು ಕಡತದಲ್ಲಿ ಅಂಟಿಸಿ, ಮೊದಲ ವಾರದ್ದು, ಮೂರನೆಯ ವಾರದ್ದು, ಆರನೆಯ ವಾರದ್ದು ಎಂದು ಚೆನ್ನಾಗಿ ಬರೆದಿದ್ದ. ಮೂರೂ ಚಿತ್ರಗಳಲ್ಲಿ ಹಿಂದಿನ ಗೋಡೆಯ ಗಡಿಯಾರ ಕಾಣುತ್ತಿತ್ತು: ಎರಡು ಹತ್ತು, ಎರಡು ಇಪ್ಪತ್ತೈದು, ಎರಡು ನಲವತ್ತು. ಕಿಟಕಿಯಾಚೆ ನಿಂತ ಕೆಂಪು ಕಾರು ಕೂಡ ಮೂರರಲ್ಲೂ ಅದೇ. ಮಾಡಿಯಾದ ವಸ್ತುವಿಗೆ ಆಮೇಲೆ ಹುಟ್ಟಿನ ಕಥೆ ಬರೆಯುವುದು ಇಲ್ಲಿ ಹಳೆಯ ರೋಗ. ಅದನ್ನು ಹೊರಗಿನಿಂದ ಪರಿಶೀಲಿಸುವವರ ಕೈಗೆ ಸಿಗುವುದು ಕಡತ ಮತ್ತು ಛಾಯಾಚಿತ್ರ, ಹುಡುಗ ಸಿಗುವುದಿಲ್ಲ.

ಇಬ್ಬರು ಮಕ್ಕಳ ತಾಯಿಯವರಿಗೆ ಒಂದು ಮಾತು. ಅಂಕ ಬೇಡ ಎಂದರೆ ಏನಾಗುತ್ತದೆ ಎಂಬುದನ್ನೂ ನಾವು ನೋಡಿದ್ದೇವೆ. 2004ರಲ್ಲಿ ಈ ವಿಷಯ ಹದಿನಾಲ್ಕು ದಾಟಿದ ಮಕ್ಕಳಿಗೆ ಕಡ್ಡಾಯವಲ್ಲವಾಯಿತು. 2010ರ ನಂತರ ಶಾಲೆಗಳನ್ನು ಅಳೆಯುವ ಇಬಾಕ್ ಎಂಬ ವಿಷಯಗಳ ಪಟ್ಟಿಯಲ್ಲಿ ಇದಕ್ಕೆ ಜಾಗ ಸಿಗಲಿಲ್ಲ. 2000ರ ದಶಕದ ಆರಂಭದಲ್ಲಿ ವರ್ಷಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು ಈ ಪರೀಕ್ಷೆಗೆ ಕೂರುತ್ತಿದ್ದರು. ಈಗ ಒಂದು ಲಕ್ಷವೂ ಇಲ್ಲ. ಎಣಿಕೆಗೆ ಬಾರದ ವಿಷಯದ ಶಿಕ್ಷಕರನ್ನು ಯಾರೂ ನೇಮಿಸಿಕೊಳ್ಳುವುದಿಲ್ಲ, ಕೆಟ್ಟ ಯಂತ್ರವನ್ನು ಯಾರೂ ರಿಪೇರಿ ಮಾಡಿಸುವುದಿಲ್ಲ.

ಅರ ಮತ್ತು ಬೈಸು ಬರೆದದ್ದು:

ನಾನು ಜೂನಿಯರ್ ಟೆಕ್ನಿಕಲ್ ಸ್ಕೂಲಿನಲ್ಲಿ ಓದಿ, ಮುಂದೆ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್ ಆಗಿ ನಿವೃತ್ತನಾದವನು. ನಮ್ಮ ರಾಜ್ಯದಲ್ಲಿ ಎಂಟರಿಂದ ಹತ್ತನೇ ತರಗತಿಯವರೆಗೆ ಎಂಜಿನಿಯರಿಂಗ್ ಡ್ರಾಯಿಂಗ್, ವರ್ಕ್‌ಶಾಪ್ ಕಲಿಸಿ ಎಸ್‌ಎಸ್‌ಎಲ್‌ಸಿಗೆ ಸಮನಾದ ಪರೀಕ್ಷೆ ಬರೆಸುವ ಶಾಲೆಗಳಿವೆ ಎಂಬುದನ್ನು ಈ ಚರ್ಚೆಯಲ್ಲಿ ಯಾರೂ ನೆನೆಯದಿದ್ದುದಕ್ಕೆ ಸ್ವಲ್ಪ ಬೇಸರವಾಯಿತು.

ನೀವೆಲ್ಲರೂ ತಲೆಗೆ ಅಂಕ ಹಂಚುತ್ತಿದ್ದೀರಿ, ಕೈಗೆ 20 ಉಳಿಸಿದ್ದೀರಿ. ಕೈ ಪಳಗುವುದು ಎಂದರೇನು ಎಂದು ಹೇಳುತ್ತೇನೆ, ಕೇಳಿ. ಎಂಟನೇ ತರಗತಿಯ ಹುಡುಗನ ಕೈಗೆ ಅರ ಕೊಟ್ಟು, ಬೈಸಿನಲ್ಲಿ ಕಚ್ಚಿಸಿದ ಕಬ್ಬಿಣದ ತುಂಡನ್ನು ಸಮತಟ್ಟು ಮಾಡು ಎನ್ನಿ. ಮೊದಲ ತಿಂಗಳು ಅವನು ತೊಟ್ಟಿಲು ತೂಗಿದಂತೆ ಅರವನ್ನು ತೂಗುತ್ತಾನೆ. ತಳ್ಳಲು ಶುರುಮಾಡುವಾಗ ಹತ್ತಿರದ ಅಂಚು ಸವೆಯುತ್ತದೆ, ತಳ್ಳಿ ಮುಗಿಸುವಾಗ ಆಚೆಯ ಅಂಚು. ನಡು ಮಾತ್ರ ಆಮೆಯ ಬೆನ್ನಿನಂತೆ ಉಬ್ಬುತ್ತದೆ. ಅವನ ಕಣ್ಣಿಗೆ ಅದು ಸಮವಾಗಿಯೇ ಕಾಣುತ್ತದೆ. ಮೂಲೆಮಟ್ಟವನ್ನು ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿಸಿದಾಗ ಎರಡೂ ಬದಿಯಲ್ಲಿ ಬೆಳಕಿನ ಗೆರೆ ನುಸುಳುತ್ತದೆ. ಅವನು ಏನೂ ಮಾತಾಡದೆ ಮತ್ತೆ ಬೈಸಿಗೆ ಹೋಗುತ್ತಾನೆ. ಬೆಳಕು ಎಷ್ಟು ನುಸುಳಿತು ಎಂಬುದಕ್ಕೆ ಅಂಕ. ಅದರಲ್ಲಿ ಅಪ್ಪನ ಕೈವಾಡವಿಲ್ಲ, ಸ್ಪೈರಲ್ ಬೈಂಡಿಂಗ್ ಇಲ್ಲ, ಮೇಷ್ಟ್ರ ಮನಸ್ಸಿನ ಮಾತೂ ಇಲ್ಲ. ಯಾರು ಅಳೆದರೂ ಒಂದೇ.

ಆದರೆ ನಿಜವನ್ನೂ ಹೇಳಬೇಕು. ಮೂವತ್ತು ಹುಡುಗರು ಒಂದೇ ನಕ್ಷೆಯ ಮೂವತ್ತು ತುಂಡು ಮಾಡುತ್ತಿದ್ದರು. ನನ್ನ ಕೈಕೆಳಗೆ ಕಲಿತವರಲ್ಲಿ ಅತ್ಯುತ್ತಮ ಫಿಟ್ಟರ್ ಆದ ಹುಡುಗನಿಗೆ ಒಮ್ಮೆ, ನಿನಗೆ ಇಷ್ಟ ಬಂದದ್ದನ್ನು ಮಾಡಪ್ಪ ಎಂದಾಗ, ಅವನು ಅರ್ಧ ದಿನ ಸುಮ್ಮನೆ ನಿಂತು ಕೊನೆಗೆ ಅದೇ ತುಂಡನ್ನು ಇನ್ನೊಮ್ಮೆ ಮಾಡಿದ. ಅದು ಯಾರ ತಪ್ಪು ಎಂದು ನಾನು ಆಮೇಲೆ ಬಹಳ ಯೋಚಿಸಿದ್ದೇನೆ.

ಬಣ್ಣದ ಕುಂಚ ಬರೆದದ್ದು:

ಇನ್‌ಸ್ಟ್ರಕ್ಟರ್ ಸರ್ ಹೇಳಿದ ಬೆಳಕಿನ ಗೆರೆಯ ಮಾತು ಮನಸ್ಸಿಗೆ ನಾಟಿತು. ನಾನು ಚಿತ್ರಕಲಾ ಶಿಕ್ಷಕಿ, ರಾಮನಗರ ಜಿಲ್ಲೆ. ಮಕ್ಕಳನ್ನು ಚನ್ನಪಟ್ಟಣದ ಗೊಂಬೆ ಕೆಲಸಗಾರರ ಬಳಿಗೆ ಕರೆದುಕೊಂಡು ಹೋಗುವುದು ನಮಗೆ ಸುಲಭ. ಅಲ್ಲಿ ಹಾಲೆಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ; ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಮೇಲೆ ಒಣಗಿದ ತಾಳೆಗರಿಯನ್ನು ಒತ್ತಿ ಹೊಳಪು ತರುತ್ತಾರೆ. ನಮ್ಮ ಹುಡುಗನೊಬ್ಬ, ಎಷ್ಟು ಒತ್ತಬೇಕು ಎಂದು ಹೇಗೆ ತಿಳಿಯುತ್ತದೆ ಎಂದು ಕೇಳಿದ. ಆ ಹಿರಿಯರು ಉತ್ತರ ಕೊಡದೆ ಅವನ ಕೈಗೇ ಕಡ್ಡಿ ಕೊಟ್ಟರು. ಬಣ್ಣ ಗಂಟುಗಂಟಾಗಿ ಹತ್ತಿತು. ಎರಡನೆಯ ಸಲ ತೆಳುವಾಯಿತು. ಮೂರನೆಯ ಸಲ ಅವರು ತಲೆಯಾಡಿಸಿದರು. ಇದೂ ಮೌಲ್ಯಮಾಪನವೇ, ಆದರೆ ಅದನ್ನು ಬರೆದುಕೊಳ್ಳಲು ನಮ್ಮ ಅಂಕಪಟ್ಟಿಯಲ್ಲಿ ಯಾವ ಕಲಂ ಇದೆ?

ಒಂದು ಪುಟ್ಟ ಆಕ್ಷೇಪ ಮಾತ್ರ ಇದೆ. ಚಿತ್ರ ಬರೆಯಲು ಬರುವ ಮಗುವೇ ವಿನ್ಯಾಸ ಬಲ್ಲದು ಎಂದು ವಿಜ್ಞಾನದ ಮೇಷ್ಟ್ರುಗಳು ತಿಳಿಯುತ್ತೀರಿ. ವಿನ್ಯಾಸದ ಗೆರೆ ಚೆಂದವಾಗಿರಬೇಕಿಲ್ಲ, ಅದು ಮುಂದಿನ ಗೆರೆಗೆ ದಾರಿ ಮಾಡಬೇಕು.

ಟಿಂಕರಿಂಗ್ ಮೇಷ್ಟ್ರು ಬರೆದದ್ದು:

ಎಲ್ಲರಿಗೂ ಧನ್ಯವಾದಗಳು. ತಾಯಿಯವರ ಮಾತು ನಿಜ, ಇಂಗ್ಲೆಂಡಿನ ಮೇಡಂ ಅವರ ಮಾತೂ ನಿಜ, ನನ್ನ ಕಷ್ಟವೂ ಅದೇ. ಅಂಕವಿಟ್ಟರೆ ಸುಳ್ಳು ಹುಟ್ಟುತ್ತದೆ, ಅಂಕವಿಡದಿದ್ದರೆ ಡಿಸೆಂಬರ್ ಬಂದ ಕೂಡಲೇ ನನ್ನ ಪೀರಿಯಡ್ಡನ್ನು ಗಣಿತದವರು ಕೇಳುತ್ತಾರೆ, ನಾನೂ ಕೊಟ್ಟುಬಿಡುತ್ತೇನೆ. ಕೊಠಾರಿ ಆಯೋಗ 1964ರಿಂದ 66ರ ಅವಧಿಯಲ್ಲಿ ಕಾರ್ಯಾನುಭವ ಬೇಕೆಂದಿತು, 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದನ್ನೇ ಸಮಾಜೋಪಯೋಗಿ ಉತ್ಪಾದಕ ಕೆಲಸ ಎಂದು ಕರೆಯಿತು, ಅದಕ್ಕೂ ಮುಂಚೆ 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕಸುಬನ್ನೇ ಶಿಕ್ಷಣದ ನಡುವಿಗೆ ತರಲು ಹೊರಟಿದ್ದರು. ಹೆಸರು ಬದಲಾಗುತ್ತ ಬಂತು. ನಾನು ಓದುವಾಗ ನಮಗೆ ಅದರಲ್ಲಿ ಸಿಕ್ಕಿದ್ದು ಶಾಲೆಯ ಅಂಗಳ ಗುಡಿಸುವ ಕೆಲಸ ಮತ್ತು ಒಂದು ಎ ಶ್ರೇಣಿ.

ನನಗೆ ಬೇಕಿರುವುದು ತತ್ವವಲ್ಲ, ಮುಂದಿನ ತಿಂಗಳು ಮಾಡಿ ನೋಡಬಹುದಾದ ಒಂದು ಕ್ರಮ.

ಡಯಟ್ ಉಪನ್ಯಾಸಕ ಬರೆದದ್ದು:

ನಾನು ಶಿಕ್ಷಕರಿಗೆ ತರಬೇತಿ ಕೊಡುವ ಜಿಲ್ಲಾ ಸಂಸ್ಥೆ ಡಯಟ್‌ನಲ್ಲಿ ಇರುವವನು. ಕ್ರಮ ಕೇಳಿದ್ದೀರಿ, ಎರಡು ಹೇಳುತ್ತೇನೆ. ಎರಡೂ ನನ್ನವಲ್ಲ.

ಮೊದಲನೆಯದು ಸಮಯಕ್ಕೆ ಮಿತಿ ಹಾಕುವುದು. 1985ರಿಂದ 1991ರ ನಡುವೆ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನಲ್ಲಿ ರಿಚರ್ಡ್ ಕಿಂಬೆಲ್ ಮತ್ತು ಸಂಗಡಿಗರು ಸುಮಾರು 10,000 ಮಂದಿ ಹದಿನೈದು ವರ್ಷದ ಮಕ್ಕಳ ವಿನ್ಯಾಸ ಸಾಮರ್ಥ್ಯವನ್ನು ಅಳೆಯಲು ಹೊರಟರು. ತಿಂಗಳುಗಟ್ಟಲೆಯ ಯೋಜನೆಯನ್ನು ನೋಡುವ ಬದಲು ತೊಂಬತ್ತು ನಿಮಿಷದ ಕೆಲಸ ಕೊಟ್ಟರು. ಮಗು ಎದುರಿಗೇ ಕೂತು ಯೋಚಿಸುತ್ತದೆ, ಗೀಚುತ್ತದೆ. ಮಧ್ಯೆ ಮಧ್ಯೆ ತಡೆದು, ಇಲ್ಲಿಯವರೆಗಿನದರಲ್ಲಿ ಯಾವುದು ಸರಿಯಿಲ್ಲ, ಮುಂದೆ ಏನು ಮಾಡುತ್ತೀ ಎಂದು ಬರೆಯಲು ಹೇಳುತ್ತಾರೆ. ಹಿಂದಿನ ದಿನಾಂಕ ಹಾಕಿ ಕಥೆ ಕಟ್ಟಲು ಅಲ್ಲಿ ಸಮಯವೇ ಇಲ್ಲ. ಪ್ರಶ್ನೆಯನ್ನು ಹೇಗೆ ಕಟ್ಟಿದ್ದೀರಿ ಎಂಬುದರ ಮೇಲೆ ಯಾವ ಮಕ್ಕಳು ಮುಂದೆ ಬರುತ್ತಾರೆ ಎಂಬುದೂ ಬದಲಾಗುತ್ತದೆ ಎಂದು ಅವರು ಕಂಡುಕೊಂಡರು. ಹಾಗಾಗಿ ಒಂದೇ ಒಂದು ಕೆಲಸದಿಂದ ಮಗುವಿನ ಹಣೆಬರಹ ಬರೆಯಬೇಡಿ.

ಎರಡನೆಯದು ಅಂಕ ಹಾಕುವುದನ್ನು ಬಿಟ್ಟು ಹೋಲಿಸುವುದು. ಒಂದು ಪುಸ್ತಕ ನೋಡಿ ಇದಕ್ಕೆ 20ಕ್ಕೆ ಎಷ್ಟು ಎಂದರೆ ಹತ್ತು ಜನ ಹತ್ತು ಅಂಕಿ ಹೇಳುತ್ತೇವೆ, ಅಥವಾ ಆಂತರಿಕ ಅಂಕದಲ್ಲಿ ನಾನು ನೋಡಿದ ಶಾಲೆಗಳಂತೆ ಎಲ್ಲರಿಗೂ 19 ಬರೆದು ಮನೆಗೆ ಹೋಗುತ್ತೇವೆ. ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ಇವುಗಳಲ್ಲಿ ಯಾವುದರ ವಿನ್ಯಾಸ ಚಿಂತನೆ ಮೇಲು ಎಂದರೆ ನಮ್ಮ ಉತ್ತರಗಳು ಹೆಚ್ಚು ಕೂಡುತ್ತವೆ. ಥರ್ಸ್ಟನ್ ಎಂಬ ಅಮೆರಿಕದ ಮನೋವಿಜ್ಞಾನಿ 1927ರಲ್ಲಿ ಇದಕ್ಕೆ ಗಣಿತದ ತಳಪಾಯ ಹಾಕಿದ. ಮುಂದೆ ಕಿಂಬೆಲ್ ಅವರ ಇ-ಸ್ಕೇಪ್ ಎಂಬ ಡಿಜಿಟಲ್ ಮೌಲ್ಯಮಾಪನ ಯೋಜನೆಗೆ ಅಲಾಸ್ಟೇರ್ ಪಾಲಿಟ್ ಅದನ್ನು ಶಾಲಾ ಮೌಲ್ಯಮಾಪನದ ರೂಪದಲ್ಲಿ ಒಗ್ಗಿಸಿದರು.

ನಿಮ್ಮ ಲೆಕ್ಕಕ್ಕೆ ತರುತ್ತೇನೆ. 24 ಪುಸ್ತಕಗಳಿವೆ, ಪ್ರತಿಯೊಂದೂ 10 ಸಲ ಹೋಲಿಕೆಗೆ ಬರಬೇಕು ಎನ್ನಿ. ಒಂದು ಹೋಲಿಕೆಯಲ್ಲಿ ಎರಡು ಪುಸ್ತಕ ಇರುವುದರಿಂದ ಒಟ್ಟು 120 ಹೋಲಿಕೆ ಸಾಕು. ಆರು ಜನ ಶಿಕ್ಷಕರಿದ್ದರೆ ತಲೆಗೆ 20. ಹೆಸರು ಮುಚ್ಚಿ ಸಂಖ್ಯೆ ಹಾಕಿ. ಯಾವ ಪುಸ್ತಕ ಎಷ್ಟು ಸಲ ಗೆದ್ದಿತು ಎಂದು ಎಣಿಸಿದರೆ ಸಾಲು ಸಿಗುತ್ತದೆ. ಇನ್ನೂ ಸೂಕ್ಷ್ಮವಾಗಿ ಬೇಕೆಂದರೆ ಸಾಫ್ಟ್‌ವೇರ್ ಇದೆ, ನಿಮಗೆ ಅದರ ಅಗತ್ಯವಿಲ್ಲ. ಇದರ ದೋಷವನ್ನೂ ಹೇಳಿಬಿಡುತ್ತೇನೆ. ಯಾವುದು ಮೇಲು ಎಂದು ಗೊತ್ತಾಗುತ್ತದೆ, ಏಕೆ ಎಂದು ಮಗುವಿಗೆ ಗೊತ್ತಾಗುವುದಿಲ್ಲ. ಅದನ್ನು ನೀವೇ ಬಾಯಿಬಿಟ್ಟು ಹೇಳಬೇಕು.

ಇಬ್ಬರು ಮಕ್ಕಳ ತಾಯಿ ಬರೆದದ್ದು:

ಆ ತೊಂಬತ್ತು ನಿಮಿಷದ ಕೆಲಸ ಶಾಲೆಯಲ್ಲೇ ಮುಗಿದು ಪುಸ್ತಕ ಮನೆಗೆ ಬರುವುದಿಲ್ಲ ಎಂದಾದರೆ ನನ್ನ ಆಕ್ಷೇಪದಲ್ಲಿ ಮುಕ್ಕಾಲು ಭಾಗ ಬಿದ್ದುಹೋಯಿತು. ಉಳಿದ ಕಾಲು ಭಾಗವೆಂದರೆ, ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಬೆಳೆದ ಮಗುವಿಗೂ, ಅದು ಹುಡುಗರ ಕೆಲಸ ಎಂದು ಬೈಸಿಕೊಂಡು ಬೆಳೆದ ಮಗುವಿಗೂ ಆ ತೊಂಬತ್ತು ನಿಮಿಷ ಒಂದೇ ಅಲ್ಲ.

ಟಿಂಕರಿಂಗ್ ಮೇಷ್ಟ್ರು ಬರೆದದ್ದು:

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮಾಡಿ ನೋಡಿದ ಮೇಲೆ ಬರೆಯೋಣ ಎಂದು ಕಾದೆ.

ಬಿ ವಿಭಾಗದ 24 ಮಕ್ಕಳಿಗೆ ಎರಡು ಜೋಡಿ ಪೀರಿಯಡ್ ಕೊಟ್ಟೆ. ಮಳೆಗಾಲದಲ್ಲಿ ತರಗತಿಯ ಬಾಗಿಲಲ್ಲಿ ಒದ್ದೆ ಕೊಡೆಗಳನ್ನು ಇಡುವ ವ್ಯವಸ್ಥೆ ಮಾಡಿ ಎಂಬುದು ಕೆಲಸ. ನಿಯಮಗಳು ಮೂರೇ. ಪುಸ್ತಕ ಲ್ಯಾಬಿನಲ್ಲೇ ಉಳಿಯಬೇಕು, ಪೆನ್ನಿನಲ್ಲೇ ಬರೆಯಬೇಕು, ರಬ್ಬರ್ ಇಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಗಂಟೆ ಹೊಡೆದು, ಈಗ ಯಾವುದನ್ನು ಬಿಟ್ಟಿರಿ, ಏಕೆ ಎಂದು ಎರಡು ಸಾಲು ಬರೆಯಿರಿ ಎಂದೆ. ಮೊದಲ ಗಂಟೆಗೆ ಅರ್ಧ ತರಗತಿ, ಏನೂ ಬಿಟ್ಟಿಲ್ಲ ಸರ್, ಎಲ್ಲ ಸರಿಯಾಗಿದೆ ಎಂದು ಬರೆಯಿತು. ಒಂಬತ್ತು ವರ್ಷ ನಾವು ಅವರಿಗೆ ಕಲಿಸಿದ್ದೇ ಅದಲ್ಲವೇ, ತಪ್ಪು ಉತ್ತರವನ್ನೂ ಸರಿಯಾಗಿದೆ ಎನ್ನುವುದು! ಮೂರನೆಯ ಗಂಟೆಯ ಹೊತ್ತಿಗೆ ಬರವಣಿಗೆ ಬದಲಾಯಿತು. “ಮೊಳೆ ಮೇಲಾಯಿತು, ಎಂಟನೇ ಕ್ಲಾಸಿನ ಕುಳ್ಳಿಗೆ ಎಟುಕಲ್ಲ” ಎಂದು ಒಬ್ಬಳು. “ನೀರು ಎಲ್ಲಿ ಹೋಗುತ್ತೆ ಯೋಚಿಸಿರಲಿಲ್ಲ” ಎಂದು ಇನ್ನೊಬ್ಬ.

ಹೋಲಿಕೆಗೆ ಕನ್ನಡ, ಸಮಾಜ, ಗಣಿತ, ಚಿತ್ರಕಲೆ, ದೈಹಿಕ ಶಿಕ್ಷಣ ಮತ್ತು ನಾನು ಕೂತೆವು. ತಲಾ 20 ಹೋಲಿಕೆಗೆ ಒಂದು ಗಂಟೆಯೊಳಗೇ ಆಯಿತು. ಮೇಲಿನ ಆರು ಮತ್ತು ಕೆಳಗಿನ ಐದರ ವಿಷಯದಲ್ಲಿ ಆಶ್ಚರ್ಯವಾಗುವಷ್ಟು ಒಮ್ಮತವಿತ್ತು. ಮೊದಮೊದಲು ಸ್ಕೆಚ್ ಪೆನ್ನಿನ ಶೀರ್ಷಿಕೆಗಳಿಗೆ ಮರುಳಾದೆವು ಎಂದು ಮೂವರು ತಾವಾಗಿಯೇ ಒಪ್ಪಿಕೊಂಡರು, ಅವರಲ್ಲಿ ನಾನೂ ಒಬ್ಬ.

ಜಗಳವಾದದ್ದು 17ನೇ ಸಂಖ್ಯೆಯ ಪುಸ್ತಕಕ್ಕೆ. ಅದರಲ್ಲಿ ಬರವಣಿಗೆ ಐದು ಪದಗಳೂ ಇಲ್ಲ, ಬರೀ ಚಿತ್ರ, ಅದೂ ಕಾಗೆ ಕಾಲು ಗುಬ್ಬಿ ಕಾಲು. ಮೊದಲ ಚಿತ್ರದಲ್ಲಿ ಗೋಡೆಗೆ ಅಡ್ಡಪಟ್ಟಿ ಮತ್ತು ಕೊಕ್ಕೆಗಳು, ಅದಕ್ಕೆ ಕಾಟು. ಎರಡನೆಯದರಲ್ಲಿ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಗಳ ಸಾಲು, ಕೊಡೆಯ ತುದಿ ಅದರೊಳಗೆ. ಬಾಗಿಲು ತೆರೆದಾಗ ಎಲ್ಲಿಯವರೆಗೆ ಬರುತ್ತದೆ ಎಂದು ನೆಲದ ಮೇಲೆ ಒಂದು ಚಾಪದ ಗೆರೆ, ಬಾಟಲಿಗಳು ಆ ಗೆರೆಯ ಆಚೆಗೆ. ಮೂರನೆಯದರಲ್ಲಿ ಬಾಟಲಿಗಳ ತಳಕ್ಕೆ ತೂತು, ಕೆಳಗೆ ಇಳಿಜಾರಾದ ಅರ್ಧ ಪೈಪು, ಪೈಪಿನ ತುದಿ ಹೊರಗಿನ ಗಿಡದ ಪಾತಿಗೆ. ಚಿತ್ರಕಲೆಯವರು ಅದನ್ನು ಪ್ರತಿ ಸಲವೂ ಮೇಲಿಟ್ಟರು, ಸಮಾಜದವರು ಪ್ರತಿ ಸಲವೂ ಕೆಳಗಿಟ್ಟರು. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದರು. ಕೊನೆಗೆ ಹುಡುಗನನ್ನು ಕರೆಸಿದೆವು. ಬರೆಯಲು ಹೆದರುವ ಹುಡುಗ, ಬಾಗಿಲಿನ ಚಾಪದ ವಿಷಯವನ್ನೇ ನಿಂತಲ್ಲಿ ಏಳು ನಿಮಿಷ ವಿವರಿಸಿದ. ಕೇಳಿದ ಮೇಲೆ ಸಮಾಜದವರು ತಾವೇ ಪುಸ್ತಕವನ್ನು ಎತ್ತಿ ಮೇಲಿನ ಕಟ್ಟಿಗೆ ಸೇರಿಸಿದರು.

ಆ ಹಳೆಯ ನಲ್ಲಿಯ ಯೋಜನೆಗೂ ಹಾಗೆಯೇ ಮಾಡಿದೆ. ಎರಡೂ ಗುಂಪುಗಳನ್ನು ಕರೆದು ಬಾಯಿಯಲ್ಲಿ ಕೇಳಿದೆ. ಕಾಲೊತ್ತು ನಲ್ಲಿಯವರಿಗೆ 17 ಆಯಿತು. ಸೆನ್ಸರ್ ಗುಂಪಿನಲ್ಲಿ ನಾಲ್ವರಿಗೆ, ಕೈ ತೆಗೆದ ಮೇಲೂ ಪಂಪ್ ಎರಡು ಸೆಕೆಂಡ್ ಏಕೆ ಓಡುತ್ತದೆ ಎಂಬುದು ಗೊತ್ತಿರಲಿಲ್ಲ. ಐದನೆಯವನಿಗೆ ಗೊತ್ತಿತ್ತು, ಪ್ರೋಗ್ರಾಮಿನಲ್ಲಿ ಆ ಅಂಕಿಯನ್ನು ಬದಲಾಯಿಸಿ ನೋಡಿದವನೂ ಅವನೇ. ಇಷ್ಟು ದಿನ ಅವನನ್ನು ಆ ಗುಂಪಿನೊಳಗೆ ನಾನು ಕಂಡೇ ಇರಲಿಲ್ಲ. ಗುಂಪಿಗೆಲ್ಲ ಒಂದೇ ಅಂಕ ಎಂಬ ಪದ್ಧತಿಯನ್ನು ಬಿಟ್ಟೆ.

ಈಗಿನ ಕಷ್ಟ ಒಂದೇ. ಒಂಬತ್ತನೇ ತರಗತಿಯ ಎರಡೂ ವಿಭಾಗ ಸೇರಿ 52 ಮಕ್ಕಳು. ಪೀರಿಯಡ್ 40 ನಿಮಿಷ. ಪ್ರತಿ ಮಗುವನ್ನೂ ಕೂರಿಸಿ ಕೇಳುವುದು ಹೇಗೆ?

ಮಿಡ್‌ಲ್ಯಾಂಡ್ಸ್ ಕನ್ನಡತಿ ಬರೆದದ್ದು:

17ನೇ ಪುಸ್ತಕವನ್ನು ನೋಡುವ ಆಸೆಯಾಗಿದೆ. ನಮ್ಮಲ್ಲಿ ಆ ಹುಡುಗನಿಗೆ ಕಷ್ಟವಾಗುತ್ತಿತ್ತು, ಏಕೆಂದರೆ ಇಲ್ಲಿ ಕಡತವೇ ಅವನ ಪರವಾಗಿ ಮಾತಾಡಬೇಕು.

ಎಲ್ಲರನ್ನೂ ಕೂರಿಸಿ ಕೇಳಬೇಕಿಲ್ಲ. ಡಯಟ್ ಸರ್ ಹೇಳಿದ ಇ-ಸ್ಕೇಪ್ ಯೋಜನೆಯಲ್ಲಿ ಮಕ್ಕಳು ಕೆಲಸದ ನಡುವೆ ಕೈಯಲ್ಲಿ ಹಿಡಿಯುವ ಪುಟ್ಟ ಸಾಧನದಲ್ಲಿ ಚಿತ್ರ ತೆಗೆದು, ತಮ್ಮ ಯೋಚನೆಯನ್ನು ಪುಟ್ಟ ಧ್ವನಿ ಟಿಪ್ಪಣಿಯಾಗಿ ಹೇಳಿ ಸೇರಿಸುತ್ತಿದ್ದರು. ನಿಮ್ಮ ಲ್ಯಾಬಿನ ಒಂದು ಟ್ಯಾಬ್ ಅಥವಾ ಲ್ಯಾಪ್‌ಟಾಪ್ ಸಾಕು. ನಿಮ್ಮ ಗಂಟೆ ಹೊಡೆದಾಗ, ಬರೆಯಲು ಇಷ್ಟವಿಲ್ಲದವರು ಸಾಲಾಗಿ ಬಂದು ಅರ್ಧ ನಿಮಿಷ ಮಾತಾಡಿ ಹೋಗಲಿ. ಹೋಲಿಕೆಗೆ ಕೂತವರು ಪುಸ್ತಕದ ಜೊತೆ ಅದನ್ನೂ ಕೇಳಲಿ. ಎದುರಾಬದುರು ಕರೆಯುವುದನ್ನು ಜಗಳವಾದ ಪುಸ್ತಕಗಳಿಗೆ ಮಾತ್ರ ಉಳಿಸಿಕೊಳ್ಳಿ. ನಿಮ್ಮ ಅನುಭವದಲ್ಲಿ 24ಕ್ಕೆ ಒಂದೇ ಬಂತಲ್ಲ, 52ಕ್ಕೆ ಮೂರು ನಾಲ್ಕು ಬಂದೀತು.

ತಾಯಿಯವರ ಉಳಿದ ಕಾಲು ಭಾಗಕ್ಕೆ ನನ್ನ ಬಳಿ ಅಂಕದ ಉತ್ತರವಿಲ್ಲ. ಏಳನೇ ತರಗತಿಯಿಂದಲೇ ಎಲ್ಲರ ಕೈಗೂ ಸಮನಾಗಿ ಗರಗಸ ಸಿಗಬೇಕು. ಒಂಬತ್ತರಲ್ಲಿ ಅಳೆಯಲು ಕೂತಾಗ ಅದನ್ನು ಸರಿಪಡಿಸಲಾಗುವುದಿಲ್ಲ.

ಅರ ಮತ್ತು ಬೈಸು ಬರೆದದ್ದು:

ಮೇಷ್ಟ್ರೇ, ಅಂಕದ ವಿಷಯ ನಿಮ್ಮಲ್ಲೇ ಇರಲಿ. ಆ ನಲ್ಲಿ ಇನ್ನೂ ಸೋರುತ್ತಿದೆಯೋ ಇಲ್ಲವೋ ಯಾರೂ ಹೇಳಲಿಲ್ಲ. ಸೋರುತ್ತಿದ್ದರೆ ಆ ಹುಡುಗಿಯರಿಗೆ ಒಂದು ಸುರುಳಿ ಟೆಫ್ಲಾನ್ ಟೇಪ್ ಕೊಡಿ. ಅದನ್ನು ಪೈಪಿನ ತುದಿಯ ತಿರುಪುಗೆರೆ ಸುತ್ತುವ ದಿಕ್ಕಿಗೇ ಸುತ್ತಬೇಕು; ವಿರುದ್ಧ ದಿಕ್ಕಿಗೆ ಸುತ್ತಿದರೆ ಬಿಗಿಮಾಡುವಾಗಲೇ ಬಿಚ್ಚಿಕೊಂಡು ಬರುತ್ತದೆ. ಇದನ್ನು ಅವರಿಗೆ ಮೊದಲೇ ಹೇಳಬೇಡಿ, ಎರಡೂ ಕಡೆಗೆ ಸುತ್ತಿ ನೋಡಲಿ. ಟೇಪು ಹತ್ತಿಪ್ಪತ್ತು ರೂಪಾಯಿಯದು, ಹಾಳಾದರೂ ಚಿಂತೆಯಿಲ್ಲ.